ಮೋಟಾರ್ ಓಡುತ್ತದೆ, ನೀರು ಏರುವುದಿಲ್ಲ: ಕಣ್ಣು ಕಾಣದವರು ಸಂಪ್ ಮೋಟಾರಿನ ದೋಷ ಹುಡುಕುವ ಬಗೆ

ಬೆಳಿಗ್ಗೆ ಆರೂವರೆಗೆ ಬಚ್ಚಲುಮನೆಯ ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ ಬರುತ್ತದೆ, ಆಮೇಲೆ ಅದೂ ಇಲ್ಲ. ಸಂಪಿನಲ್ಲಿ ನೀರಿದೆ, ಕರೆಂಟ್ ಇದೆ, ಮೋಟಾರ್ ಹಾಕಿ ಅರ್ಧ ಗಂಟೆ ಆಗಿದೆ. ಟ್ಯಾಂಕ್ ಮಾತ್ರ ಖಾಲಿ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ "ಸಂಜೆ ಬರ್ತೀನಿ ಮೇಡಂ" ಅನ್ನುತ್ತಾನೆ. ಅಲ್ಲಿಯವರೆಗೆ ಮನೆ ನಡೆಯಬೇಕಲ್ವಾ?

ನನಗೆ 19ನೇ ವಯಸ್ಸಿನಿಂದ ಕಣ್ಣು ಕಾಣುವುದಿಲ್ಲ. ಬೆಳಕು, ಕತ್ತಲೆ ಕೂಡ ಗೊತ್ತಾಗುವುದಿಲ್ಲ. ತುಮಕೂರಿನಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಮನೆಯವರು ವಾರದಲ್ಲಿ ಐದು ದಿನ ಬೇರೆ ಊರಿನಲ್ಲಿರುತ್ತಾರೆ. ಮನೆಯಲ್ಲಿ ನಾನು, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು. ಮೋಟಾರ್, ನಲ್ಲಿ, ಹಿತ್ತಲಿನ ಗಿಡಗಳ ಪೈಪು ಎಲ್ಲ ನನ್ನ ಜವಾಬ್ದಾರಿ.

ಮೋಟಾರಿನ ದೋಷ ಕಣ್ಣಿಗೆ ಕಾಣುವುದು ಕಡಿಮೆ. ನೀರು ಪೈಪಿನ ಒಳಗೆ, ಗಾಳಿ ಪೈಪಿನ ಒಳಗೆ, ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಕಬ್ಬಿಣದ ಒಳಗೆ. ಕಣ್ಣಿದ್ದವರೂ ಇಲ್ಲಿ ಕಿವಿ ಕೊಟ್ಟು, ಕೈ ಇಟ್ಟೇ ತಿಳಿದುಕೊಳ್ಳಬೇಕು. ಹಾಗಾಗಿ ಈ ಕೆಲಸದಲ್ಲಿ ನಾವು ಹಿಂದೆ ಬಿದ್ದಿಲ್ಲ. ನಮಗೆ ಬೇಕಾದದ್ದು ಎರಡು: ಮೋಟಾರ್ ಸರಿ ಇದ್ದಾಗಿನ ಸದ್ದು ನೆನಪಿನಲ್ಲಿರಬೇಕು, ಮತ್ತು ಒಂದು ಸಲಕ್ಕೆ ಒಂದನ್ನೇ ಪರೀಕ್ಷೆ ಮಾಡುವ ತಾಳ್ಮೆ ಇರಬೇಕು.

ಇಲ್ಲಿ ಹೇಳುವುದೆಲ್ಲ ಅರ್ಧ ಅಥವಾ ಒಂದು ಎಚ್‌ಪಿಯ ಸೆಲ್ಫ್ ಪ್ರೈಮಿಂಗ್ ಮಾನೋಬ್ಲಾಕ್, ಅಂದರೆ ಮೋಟಾರೂ ಪಂಪೂ ಒಂದಾಗಿದ್ದು ಪೈಪಿನ ಗಾಳಿಯನ್ನು ತಾನೇ ಹೊರಹಾಕುವ ಮೋಟಾರಿನ ವಿಷಯ. ಸಂಪಿನ ಪಕ್ಕ, ನೆಲದ ಮೇಲೆ ಕೂರುವಂಥದ್ದು. ನೀರಿನೊಳಗೆ ಮುಳುಗಿರುವ ಸಬ್‌ಮರ್ಸಿಬಲ್‌ಗೆ ಇದು ಹೊಂದುವುದಿಲ್ಲ.

ಸರಿ ಇದ್ದಾಗಲೇ ಮಾಡಿಡಬೇಕಾದದ್ದು

ಮೋಟಾರ್ ಚೆನ್ನಾಗಿ ನಡೆಯುತ್ತಿರುವ ದಿನ ಫೋನಿನಲ್ಲಿ ಒಂದು ನಿಮಿಷ ಅದರ ಸದ್ದು ರೆಕಾರ್ಡ್ ಮಾಡಿ. ಶುರುವಿನಲ್ಲಿ ತಾರೀಖನ್ನು ಬಾಯಲ್ಲೇ ಹೇಳಿ. ಯಾವಾಗಲೂ ಒಂದೇ ಜಾಗದಲ್ಲಿ ನಿಂತು ಮಾಡಿ. ನಾನು ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ನಿಲ್ಲುತ್ತೇನೆ. ಮೂರು ತಿಂಗಳಿಗೊಮ್ಮೆ ಹೊಸದು ಮಾಡುತ್ತೇನೆ. ಬೇರಿಂಗ್ ಸವೆಯುವುದು ನಿಧಾನಕ್ಕೆ. ದಿನಾ ಕೇಳುವ ಕಿವಿಗೆ ಅದು ಗೊತ್ತಾಗುವುದಿಲ್ಲ, ಹಳೆಯ ರೆಕಾರ್ಡಿಂಗ್ ಪಕ್ಕದಲ್ಲಿಟ್ಟು ಕೇಳಿದರೆ ತಟ್ಟನೆ ಗೊತ್ತಾಗುತ್ತದೆ.

ಇನ್ನೊಂದು, ಬಕೆಟ್ ಲೆಕ್ಕ. ಮೇಲೆ ಟ್ಯಾಂಕಿಗೆ ಬೀಳುವ ಪೈಪಿನ ಬಾಯಿಗೆ 15 ಲೀಟರ್ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ಎಣಿಸಿಕೊಳ್ಳಿ. ಅಲ್ಲಿಗೆ ಹೋಗಲು ಆಗದಿದ್ದರೆ ಮೋಟಾರಿನಿಂದ ಟ್ಯಾಂಕಿಗೆ ಏರುವ ಡೆಲಿವರಿ ಪೈಪಿನಲ್ಲಿ ಕೆಳಗೇ ಒಂದು ನಲ್ಲಿ ಹಾಕಿಸಿಕೊಳ್ಳಿ. ಕೆಳಗಿನ ನಲ್ಲಿಯಲ್ಲಿ ನೀರು ಜಾಸ್ತಿ ಬರುತ್ತದೆ, ಆದರೆ ಪ್ರತಿ ಸಲವೂ ಅಲ್ಲೇ ಅಳೆದರೆ ಹೋಲಿಕೆಗೆ ಸಾಕು. ನಮ್ಮಲ್ಲಿ ಮೇಲಿನ ಬಾಯಿಗೆ 30 ಸೆಕೆಂಡ್. ಅಂದರೆ ನಿಮಿಷಕ್ಕೆ 30 ಲೀಟರ್, 1000 ಲೀಟರಿನ ಟ್ಯಾಂಕಿಗೆ 35 ನಿಮಿಷದ ಆಸುಪಾಸು. ಇದನ್ನು ಒಂದು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಬ್ರೈಲ್‌ನಲ್ಲಿ ಚುಚ್ಚಿ ಮೋಟಾರ್ ಗೂಡಿನ ಒಳಗೆ ತೂಗುಹಾಕಿದ್ದೇನೆ. ಕಾಗದವಾದರೆ ತೇವಕ್ಕೆ ಚುಕ್ಕಿಗಳು ಕುಸಿಯುತ್ತವೆ.

ಮೋಟಾರಿನ ಮೇಲಿನ ಲೋಹದ ಪಟ್ಟಿಯಲ್ಲಿ ಎಚ್‌ಪಿ, ವೋಲ್ಟ್, ಮೋಟಾರ್ ಶುರುವಾಗಲು ಬೇಕಾದ ಕೆಪಾಸಿಟರಿನ ಅಳತೆ (ಮೈಕ್ರೋಫ್ಯಾರಡ್) ಎಲ್ಲ ಬರೆದಿರುತ್ತದೆ. ಯಾರಿಂದಲಾದರೂ ಒಮ್ಮೆ ಓದಿಸಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಿ ಮೈ ಐಸ್ ಆ್ಯಪ್ ಇದೆ. 2015ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದದ್ದು. ಸ್ವಯಂಸೇವಕರು ವಿಡಿಯೊ ಕರೆಯಲ್ಲಿ ಓದಿ ಹೇಳುತ್ತಾರೆ.

ಪ್ಲಗ್ ಕೈಯಲ್ಲಿರಲಿ

ಸ್ವಿಚ್ ಆಫ್ ಆಗಿದೆ ಅನ್ನುವುದನ್ನು ನಂಬಿ ಮೋಟಾರ್ ಮುಟ್ಟಬೇಡಿ. ಸ್ವಿಚ್ಚು ನ್ಯೂಟ್ರಲ್ ತಂತಿಗೆ ಹಾಕಿದ್ದರೆ ಆಫ್ ಮಾಡಿದರೂ ಮೋಟಾರಿನವರೆಗೆ ಕರೆಂಟ್ ಇರುತ್ತದೆ. ಕೆಲವರು ಇಂಡಿಕೇಟರ್ ದೀಪ ಆರಿದೆ ಅಂತ ಧೈರ್ಯ ಮಾಡುತ್ತಾರೆ. ದೀಪ ಸುಟ್ಟು ಹೋಗಿದ್ದರೂ ಆರಿಯೇ ಇರುತ್ತದೆ.

ನಮ್ಮ ಮನೆಯಲ್ಲಿ ಮೋಟಾರಿನ ವೈರ್ ಗೋಡೆಯ ಪೆಟ್ಟಿಗೆಗೆ ನೇರ ಹೋಗುತ್ತಿತ್ತು. ಅದನ್ನು ಬದಲಿಸಿ 16 ಆಂಪಿಯರ್‌ನ ಪ್ಲಗ್, ಸಾಕೆಟ್ ಹಾಕಿಸಿದೆ. ಇಡೀ ಮನೆಯಲ್ಲಿ ನಾನು ಮಾಡಿಸಿದ ಅತಿ ಒಳ್ಳೆಯ ಕೆಲಸ ಅದು. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದರೆ ಮೂರು ಪಿನ್ನು ಬೆರಳಿಗೆ ಸಿಗುತ್ತವೆ. ಇದಕ್ಕಿಂತ ಖಾತ್ರಿ ಬೇರೆ ಇಲ್ಲ. ಕಿತ್ತ ಪ್ಲಗ್ಗನ್ನು ಬಟ್ಟೆಚೀಲಕ್ಕೆ ಹಾಕಿ ಗಂಟು ಕಟ್ಟುತ್ತೇನೆ, ಯಾರೂ ಮರೆತು ಸಿಕ್ಕಿಸಬಾರದು ಅಂತ. ಅತ್ತೆಗೂ ಮಗಳಿಗೂ ಕೂಗಿ ಹೇಳುತ್ತೇನೆ. "ಮೋಟಾರ್ ಕೆಲಸ ನಡೀತಿದೆ" ಅಂದರೆ ಸಾಕು, ಇಬ್ಬರೂ ಆ ಕಡೆ ಬರುವುದಿಲ್ಲ.

ಮುಟ್ಟದೆಯೇ ಕರೆಂಟ್ ಗುರುತಿಸಿ ಬೀಪ್ ಮಾಡುವ ಟೆಸ್ಟರ್ ಸಿಗುತ್ತದೆ. ಒಳ್ಳೆಯದೇ, ಆದರೆ ಅದನ್ನು ಮೂರು ಸಲ ಬಳಸಬೇಕು. ಮೊದಲು ಕರೆಂಟ್ ಇರುವುದು ಗೊತ್ತಿರುವ ಸಾಕೆಟ್ಟಿಗೆ, ಆಮೇಲೆ ಪರೀಕ್ಷೆ ಮಾಡಬೇಕಾದ ಕಡೆ, ಆಮೇಲೆ ಮತ್ತೆ ಅದೇ ಸಾಕೆಟ್ಟಿಗೆ. ಸೆಲ್ ಮುಗಿದ ಟೆಸ್ಟರೂ ಬೀಪ್ ಮಾಡುವುದಿಲ್ಲ, ನೆನಪಿಡಿ.

ಇನ್ನು ಸಂಪಿನ ಬಾಯಿ. ನಮಗೆ ಕರೆಂಟಿನಷ್ಟೇ ದೊಡ್ಡ ಅಪಾಯ ಅದು. ಮುಚ್ಚಳದ ಕೆಳಗೆ, ಬಾಯಿಯ ಚೌಕಟ್ಟಿಗೇ ಒಂದು ಕಬ್ಬಿಣದ ಜಾಲರಿ ಬೆಸುಗೆ ಹಾಕಿಸಿ. ಪೈಪು ಇಳಿಯಬೇಕು, ಕೈ ಇಳಿಯಬೇಕು, ಮನುಷ್ಯ ಇಳಿಯಬಾರದು. ಸಂಪ್ ತೊಳೆಯುವಾಗ ತೆಗೆಯಲು ಬೀಗ ಹಾಕುವ ಹಾಗೆ ಮಾಡಿಸಿದರೆ ಸಾಕು. ಜಾಲರಿ ಇಲ್ಲದಿದ್ದರೆ ಮುಚ್ಚಳ ತೆಗೆಯುವ ಮೊದಲೇ ನೆಲದ ಮೇಲೆ ಕೂತುಬಿಡಿ. ಮುಚ್ಚಳ ಮತ್ತೆ ಕೂರುವವರೆಗೂ ಎದ್ದು ನಿಲ್ಲಬೇಡಿ. ಏನಾದರೂ ಬಿತ್ತು ಅಂತ ಸಂಪಿಗೆ ಇಳಿಯಲೇಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಸಾಲದೇ ಹೋಗಬಹುದು, ಕಣ್ಣಿದ್ದವರೂ ಹಾಗೆ ಇಳಿದು ಜೀವ ಕಳೆದುಕೊಂಡಿದ್ದಾರೆ.

ಸ್ಕ್ರೂಗಳಿಗೆ ನಾನು ಹಳೆಯ ಇಡ್ಲಿ ತಟ್ಟೆ ಇಟ್ಟುಕೊಂಡಿದ್ದೇನೆ. ಮೊದಲು ಬಿಚ್ಚಿದ್ದು ಮೊದಲ ಗುಳಿಗೆ, ಆಮೇಲಿನದು ಎರಡನೆಯದಕ್ಕೆ. ಯಾವ ಗುಳಿಯಿಂದ ಎಣಿಕೆ ಅನ್ನುವುದಕ್ಕೆ ಅಂಚಿನಲ್ಲಿ ಒಂದು ತಂತಿ ಸುತ್ತಿದ್ದೇನೆ. ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬಂದರೆ ಆಯಿತು.

ಸದ್ದು ಯಾವುದು?

ಈಗ ದೋಷಕ್ಕೆ ಬರೋಣ. ಹತ್ತು ಸೆಕೆಂಡ್ ಮಾತ್ರ ಸ್ವಿಚ್ ಹಾಕಿ, ಕೇಳಿ, ತೆಗೆಯಿರಿ. ಏನೂ ಸದ್ದಿಲ್ಲವಾ, ಬರೀ ಗುಂಯ್ ಅನ್ನುತ್ತದಾ, ಹಗುರವಾಗಿ ಓಡುತ್ತದಾ, ಇಲ್ಲ ಒಳಗೆ ಕಲ್ಲು ಉರುಳಿದ ಹಾಗೆ ಕಟಕಟ ಅನ್ನುತ್ತದಾ? ಈ ನಾಲ್ಕರಲ್ಲಿ ಯಾವುದು ಅನ್ನುವುದು ಖಚಿತವಾದರೆ ಅರ್ಧ ಕೆಲಸ ಮುಗಿಯಿತು.

ಸದ್ದೇ ಇಲ್ಲ

ಮನೆಯಲ್ಲಿ ಫ್ಯಾನ್ ತಿರುಗುತ್ತಿದೆಯೇ ಕೇಳಿಸಿಕೊಳ್ಳಿ. ತಿರುಗುತ್ತಿದ್ದರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್ಚು) ಪೆಟ್ಟಿಗೆಗೆ ಹೋಗಿ. ಸನ್ನೆ ಮೇಲಿದ್ದರೆ ಆನ್, ಕೆಳಗಿದ್ದರೆ ಆಫ್. ಟ್ರಿಪ್ ಆದದ್ದು ಕೆಲವು ಕಂಪನಿಗಳಲ್ಲಿ ನಡುವೆ ನಿಲ್ಲುತ್ತದೆ. ಅದನ್ನು ಪೂರ್ತಿ ಕೆಳಗೆ ಒತ್ತಿ ಆಮೇಲೆ ಮೇಲೆತ್ತಬೇಕು. ನಮ್ಮ ಪೆಟ್ಟಿಗೆಯಲ್ಲಿ ಮೋಟಾರಿನ ಎಂಸಿಬಿಯ ಕೆಳಗೆ ಉಬ್ಬಿದ ಕಲ್ಲಿನ ಟಿಕ್ಲಿ ಅಂಟಿಸಿದ್ದೇನೆ, ಗೀಸರಿಗೆ ಎರಡು. ಒಮ್ಮೆ ಎತ್ತಿದ ಮೇಲೆ ಮತ್ತೆ ಬಿದ್ದರೆ ಎರಡನೇ ಸಲ ಎತ್ತಬೇಡಿ. ಅದು ಎಲ್ಲೋ ಶಾರ್ಟ್ ಆಗಿದೆ ಅಂತ ಹೇಳುತ್ತಿದೆ. ಎಲೆಕ್ಟ್ರಿಷಿಯನ್ ಬರಲಿ.

ಎಂಸಿಬಿ ಸರಿ ಇದ್ದರೆ ಮೋಟಾರಿನ ಮೈಮೇಲೆ ಅಂಗೈ ಇಡಿ, ಪ್ಲಗ್ ಕಿತ್ತ ಮೇಲೆ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಒಳಗಿನ ಥರ್ಮಲ್ ಕಟ್ ಆಫ್ ಬಿದ್ದಿರಬಹುದು. ಅರ್ಧ ಗಂಟೆ ಬಿಟ್ಟರೆ ತಣ್ಣಗಾಗಿ ತಾನೇ ಶುರುವಾಗುತ್ತದೆ. ಬಿಸಿ ಯಾಕಾಯಿತು ಅನ್ನುವ ಪ್ರಶ್ನೆ ಮಾತ್ರ ಉಳಿಯುತ್ತದೆ. ನೀರಿಲ್ಲದೆ ಓಡಿರಬಹುದು, ವೋಲ್ಟೇಜ್ ಕಡಿಮೆ ಇರಬಹುದು. ತಣ್ಣಗೇ ಇದ್ದರೆ ಸಾಕೆಟ್ಟಿಗೆ ಬೇರೆ ಏನಾದರೂ ಸಿಕ್ಕಿಸಿ ನೋಡಿ. ಅದೂ ಓಡದಿದ್ದರೆ ಸ್ವಿಚ್ಚಿನ ತೊಂದರೆ. ಬೇಸಿಗೆಯಲ್ಲಿ ಸ್ವಿಚ್ಚಿನೊಳಗೆ ಇರುವೆ ಸೇರಿ ಸಂಪರ್ಕ ತಪ್ಪುವುದು ನಮ್ಮ ಕಡೆ ಸಾಮಾನ್ಯ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಇದು ಅವಸರದ ದೋಷ. ಮೂರು ನಾಲ್ಕು ಸೆಕೆಂಡಿನಲ್ಲಿ ಸ್ವಿಚ್ ತೆಗೆಯಿರಿ. ತಿರುಗದ ಮೋಟಾರಿಗೆ ಕರೆಂಟ್ ಹರಿಯುತ್ತಲೇ ಇದ್ದರೆ ಒಳಗಿನ ತಂತಿಯ ಸುರುಳಿ ಸುಡುತ್ತದೆ. ವಾರ್ನಿಷ್ ಸುಟ್ಟ ವಾಸನೆ ಬಂದರೆ ರಿವೈಂಡಿಂಗ್ ಖರ್ಚು ಬಂತು ಅಂತ ಅರ್ಥ.

ಇದಕ್ಕೆ ಮುಖ್ಯ ಕಾರಣ ಎರಡು. ಒಂದೋ ಇಂಪೆಲ್ಲರ್ ಅಂಟಿಕೊಂಡಿದೆ, ಇಲ್ಲವೋ ಕೆಪಾಸಿಟರ್ ಹೋಗಿದೆ. ಎರಡನ್ನೂ ಬೇರೆ ಮಾಡುವ ಪರೀಕ್ಷೆ ಪೂರ್ತಿ ಕೈಯದು. ಪ್ಲಗ್ ಕೀಳಿ. ಮೋಟಾರಿನ ಹಿಂಬದಿಗೆ ಫ್ಯಾನಿನ ಮುಚ್ಚಳ ಇರುತ್ತದೆ. ಕೆಲವದರಲ್ಲಿ ನಡುವೆ ತೂತಿದ್ದು, ಒಳಗೆ ಶಾಫ್ಟಿನ ತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವ ಗೀರು ಇರುತ್ತದೆ. ತೂತಿಲ್ಲದಿದ್ದರೆ ಮುಚ್ಚಳ ಬಿಚ್ಚಿ ಫ್ಯಾನನ್ನೇ ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಅನುಮಾನ ಕೆಪಾಸಿಟರಿನ ಮೇಲೆ. ಕಲ್ಲಿನ ಹಾಗೆ ಕೂತಿದ್ದರೆ ಅಂಟಿಕೊಂಡಿದೆ. ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದಾಗ ಹೀಗಾಗುವುದು ಜಾಸ್ತಿ. ಇಂಪೆಲ್ಲರ್ ಮತ್ತು ಗೋಡೆಯ ನಡುವಿನ ಸಂದು ತುಂಬ ಚಿಕ್ಕದು, ಸ್ವಲ್ಪ ತುಕ್ಕು, ಬೋರ್ ನೀರಿನ ಸುಣ್ಣ ಸೇರಿದರೆ ಹಿಡಿದುಕೊಳ್ಳುತ್ತದೆ. ಆ ಕಡೆ ಈ ಕಡೆ ನಿಧಾನಕ್ಕೆ ಆಡಿಸಿ. ಮೊದಲು ಕೂದಲೆಳೆಯಷ್ಟು ಅಲುಗುತ್ತದೆ, ಆಮೇಲೆ ಕರ್ ಅಂತ ಬಿಡುತ್ತದೆ. ಬಿಟ್ಟ ಮೇಲೆ ಹತ್ತು ಸುತ್ತು ಕೈಯಲ್ಲೇ ತಿರುಗಿಸಿ, ಆಮೇಲೆ ಕರೆಂಟ್ ಕೊಡಿ.

ಕೆಪಾಸಿಟರ್ ವಿಷಯದಲ್ಲಿ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಪ್ಲಗ್ ಕಿತ್ತ ಮೇಲೂ ಅದು ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ. ಅದರ ತುದಿ ಎಲ್ಲಿದೆ ಅಂತ ಬೆರಳಿನಿಂದ ಹುಡುಕುವುದು ನಮಗೆ ಸರಿಯಲ್ಲ. ಫ್ಯಾನ್ ಸಲೀಸಾಗಿ ತಿರುಗುತ್ತದೆ, ಆದರೂ ಗುಂಯ್ ಅನ್ನುತ್ತದೆ ಅನ್ನುವುದನ್ನು ಖಚಿತ ಮಾಡಿಕೊಂಡು ಎಲೆಕ್ಟ್ರಿಷಿಯನ್ನಿಗೆ ಹೇಳಿ. ಬರೆದಿಟ್ಟ ಮೈಕ್ರೋಫ್ಯಾರಡ್ ಲೆಕ್ಕವನ್ನೂ ಫೋನಿನಲ್ಲೇ ಹೇಳಿದರೆ ಅಂಗಡಿಯಿಂದ ತಂದುಕೊಂಡೇ ಬರುತ್ತಾನೆ. ಎರಡು ಸಲ ಓಡಾಡುವುದು ತಪ್ಪುತ್ತದೆ. ಕರೆಂಟ್ ಕೊಟ್ಟಿರುವ ಮೋಟಾರಿಗೆ ಕಡ್ಡಿ ಹಾಕಿ ಫ್ಯಾನ್ ತಳ್ಳಿ ಶುರು ಮಾಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಅದನ್ನು ಮಾಡಬೇಡಿ.

ಹಗುರವಾಗಿ ಓಡುತ್ತದೆ, ನೀರಿಲ್ಲ

ಹೆಚ್ಚು ಜನರಿಗೆ ಬರುವ ದೋಷ ಇದು. ಹೆಚ್ಚು ದುಡ್ಡು ಸುಮ್ನೆ ಹೋಗುವುದೂ ಇಲ್ಲೇ.

ನೀರು ತುಂಬಿ ಓಡುವ ಮೋಟಾರಿನ ಸದ್ದು ಗಟ್ಟಿಯಾಗಿ, ಭಾರವಾಗಿ ಇರುತ್ತದೆ. ನೀರಿಲ್ಲದೆ ಓಡುವಾಗ ಸದ್ದು ತೆಳ್ಳಗಾಗುತ್ತದೆ, ಕೀರಲಾಗುತ್ತದೆ. ಡೆಲಿವರಿ ಪೈಪು ಹಿಡಿದರೆ ಒಳಗೆ ಏನೂ ಹರಿಯುವುದಿಲ್ಲ, ಬರೀ ನಡುಕ. ಹೀಗೆ ಎರಡು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಪಂಪಿನ ನೀರು ಮೋಟಾರಿಗೆ ಹೋಗದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ನೀರಿನಿಂದಲೇ ತಣ್ಣಗಿರುವುದು. ಒಣಗಿದರೆ ಸುಡುತ್ತದೆ.

ಮೊದಲು ಸಂಪಿನ ನೀರು ಅಳೆಯಿರಿ. ನಾನು ಒಂದು ನೈಲಾನ್ ಹಗ್ಗಕ್ಕೆ ಅರ್ಧ ಅಡಿಗೊಂದು ಗಂಟು ಹಾಕಿ ತುದಿಗೆ ಕಬ್ಬಿಣದ ನಟ್ಟು ಕಟ್ಟಿದ್ದೇನೆ. ತಳಕ್ಕೆ ತಾಗುವವರೆಗೆ ಇಳಿಸಿ, ಎತ್ತಿ, ಎಷ್ಟು ಗಂಟು ಒದ್ದೆಯಾಗಿದೆ ಅಂತ ಬೆರಳಿನಿಂದ ಎಣಿಸುತ್ತೇನೆ. ಫುಟ್‌ವಾಲ್ವ್ (ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಕವಾಟ) ತಳದಿಂದ ಒಂದು ಅಡಿ ಮೇಲಿದೆ. ಮೂರು ಗಂಟಿಗಿಂತ ಕಡಿಮೆ ಒದ್ದೆ ಇದ್ದರೆ ನೀರಿನದೇ ಸಮಸ್ಯೆ, ಮೋಟಾರಿನದಲ್ಲ. ನಲ್ಲಿ ನೀರು ಬಿಡುವ ದಿನ ಒಂದು ಸಲ ತಪ್ಪಿದರೆ ಇಷ್ಟಕ್ಕೆ ಇಳಿದಿರುತ್ತದೆ.

ನೀರಿದ್ದರೆ, ಪಂಪು ಯಾಕೆ ಎಳೆಯುತ್ತಿಲ್ಲ ಅಂತ ಯೋಚಿಸಬೇಕು. ಪಂಪು ನೀರನ್ನು ಎಳೆಯುವುದು ಅಂತ ಹೇಳುತ್ತೇವೆ. ನಿಜವಾಗಿ ಅದು ಪೈಪಿನೊಳಗಿನ ಗಾಳಿಯ ಒತ್ತಡ ಕಡಿಮೆ ಮಾಡುತ್ತದೆ, ಹೊರಗಿನ ಗಾಳಿ ಸಂಪಿನ ನೀರನ್ನು ಒಳಗೆ ದಬ್ಬುತ್ತದೆ. ಕಡಲ ಮಟ್ಟದಲ್ಲಿ, ಮಂಗಳೂರಿನಂಥ ಕಡೆ, ಲೆಕ್ಕದ ಪ್ರಕಾರ 10.3 ಮೀಟರ್ ಎತ್ತರದವರೆಗೆ ದಬ್ಬಬಲ್ಲದು. ತುಮಕೂರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು ಒಂಬತ್ತು ಚಿಲ್ಲರೆಗೆ ಇಳಿಯುತ್ತದೆ. ಬಳಕೆಯಲ್ಲಿ ಆರೇಳು ಮೀಟರ್ ಸಿಕ್ಕರೆ ಹೆಚ್ಚು. ಮನೆಯ ಸಂಪಿನ ಆಳ ಎರಡು ಮೂರು ಮೀಟರ್ ಅಷ್ಟೇ, ಆದ್ದರಿಂದ ಆಳದ ಚಿಂತೆ ಇಲ್ಲ. ಚಿಂತೆ ಏನಿದ್ದರೂ ಗಾಳಿಯದು. ಸಂಪಿನಿಂದ ಪಂಪಿಗೆ ಬರುವ ಸಕ್ಷನ್ ಪೈಪಿನಲ್ಲಿ ಸೂಜಿಮೊನೆಯಷ್ಟು ಸಂದಿದ್ದರೂ ನೀರಿನ ಬದಲು ಗಾಳಿ ಬರುತ್ತದೆ.

ಕರೆಂಟಿನ ಪ್ಲಗ್ ಕಿತ್ತು, ಪಂಪಿಗೆ ನೀರು ತುಂಬುವ ತೂತಿನ ಬಿರಡೆ (ಪ್ರೈಮಿಂಗ್ ಪ್ಲಗ್) ಬಿಚ್ಚಿ, ನೀರು ತುಂಬಿ. ಒಂದು ಇಂಚಿನ ಪೈಪು ಮೂರು ಮೀಟರ್ ಉದ್ದ ಇದ್ದರೆ ಅದರಲ್ಲಿ ಹಿಡಿಯುವುದು ಸುಮಾರು ಒಂದೂವರೆ ಲೀಟರ್. ಪಂಪಿನ ಹೊಟ್ಟೆಗೆ ಇನ್ನೊಂದೆರಡು ಲೀಟರ್. ಐದಾರು ಚೊಂಬು ಹಾಕಿದರೂ ತುಂಬದೆ ಹೋದರೆ ಫುಟ್‌ವಾಲ್ವ್ ನೀರು ಹಿಡಿಯುತ್ತಿಲ್ಲ ಅಂತ ಅಲ್ಲಿಗೇ ಗೊತ್ತಾಯಿತು. ಕಸ ಸಿಕ್ಕಿಕೊಂಡಿರಬಹುದು, ಒಳಗಿನ ರಬ್ಬರ್ ಸವೆದಿರಬಹುದು. ಕೆಲವು ಪಂಪುಗಳ ಬಾಯಲ್ಲೇ ಒಂದು ಕವಾಟ ಇರುತ್ತದೆ. ಆಗ ಪ್ರೈಮಿಂಗ್ ತೂತಿಗೆ ಹಾಕಿದ ನೀರು ಪೈಪಿಗೆ ಇಳಿಯುವುದಿಲ್ಲ. ಪೈಪು ಪಂಪಿಗೆ ಸೇರುವ ಕಡೆಯ ತಿರುಪಿನ ಜಾಯಿಂಟ್, ಅಂದರೆ ಯೂನಿಯನ್, ಬಿಚ್ಚಿ ಸಕ್ಷನ್ ಪೈಪಿಗೇ ನೇರ ಹಾಕಬೇಕು.

ತುಂಬಿತು ಅಂದುಕೊಳ್ಳಿ. ಈಗ ಪೇಪರ್ ಪರೀಕ್ಷೆ. ಸಕ್ಷನ್ ಪೈಪಿನ ಪ್ರತಿ ಜಾಯಿಂಟನ್ನೂ ಒಣಬಟ್ಟೆಯಲ್ಲಿ ಒರೆಸಿ, ಹಳೆಯ ದಿನಪತ್ರಿಕೆಯ ಒಂದೊಂದು ಪಟ್ಟಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ. ತೂತಿಗೆ ಬೆರಳಿಟ್ಟು ನೀರಿನ ಮಟ್ಟ ನೆನಪಿಟ್ಟುಕೊಳ್ಳಿ. ಕಾಫಿ ಕುಡಿದು ಬನ್ನಿ, ಹದಿನೈದು ನಿಮಿಷ. ಒಣ ಪೇಪರ್ ಬೆರಳಿಗೆ ಗರಿಗರಿ ಅನ್ನುತ್ತದೆ, ಒಂದು ಹನಿ ಬಿದ್ದರೂ ಆ ಜಾಗ ಮೆತ್ತಗಾಗುತ್ತದೆ. ಮಟ್ಟ ಇಳಿದು ಪೇಪರ್ ಎಲ್ಲ ಗರಿಗರಿ ಇದ್ದರೆ ಫುಟ್‌ವಾಲ್ವ್. ಮಟ್ಟ ಇಳಿದು ಒಂದು ಪೇಪರ್ ಮೆತ್ತಗಿದ್ದರೆ ಆ ಜಾಯಿಂಟ್. ಕಣ್ಣಿಗೆ ಆ ಹನಿ ಎಷ್ಟೋ ಸಲ ಬೀಳುವುದಿಲ್ಲ. ಪೇಪರಿಗೆ, ಬೆರಳಿಗೆ ತಪ್ಪುವುದಿಲ್ಲ.

ಮಟ್ಟವೂ ಇಳಿಯಲಿಲ್ಲ, ಪೇಪರೂ ಒಣಗಿಯೇ ಇದೆ, ಆದರೂ ನೀರು ಬರುತ್ತಿಲ್ಲ. ಹೋದ ವರ್ಷ ಯುಗಾದಿಯ ವಾರ ನಮ್ಮಲ್ಲಿ ಆದದ್ದು ಇದೇ.

ಮೆಕ್ಯಾನಿಕ್ ಬಂದು ಎರಡು ನಿಮಿಷ ಓಡಿಸಿ, "ಇಂಪೆಲ್ಲರ್ ಹೋಗಿದೆ ಮೇಡಂ, ಹೊಸ ಪಂಪೇ ಹಾಕಿಸಿಬಿಡಿ" ಅಂದ. ಇಂಪೆಲ್ಲರೇ ಹೋಗಿದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಅವನು ನನಗೆ ಉತ್ತರ ಕೊಡಲಿಲ್ಲ. ಅತ್ತೆಯ ಕಡೆ ತಿರುಗಿ, "ಅಮ್ಮಾ, ನೀವಾದ್ರೂ ಹೇಳಿ ಇವರಿಗೆ" ಅಂದ. ಅತ್ತೆ, "ಅವಳನ್ನೇ ಕೇಳಪ್ಪ, ಮೋಟಾರ್ ಅವಳದು" ಅಂದರು. ಅವನು ನಾಳೆ ಬರುತ್ತೇನೆ ಅಂತ ಹೋದ. ನನಗೆ ಆ ಮಾತು ಇವತ್ತಿಗೂ ನೋವು ಕೊಡುತ್ತದೆ, ಅತ್ತೆಯ ಮಾತು ಇವತ್ತಿಗೂ ಬಲ ಕೊಡುತ್ತದೆ.

ಇಂಪೆಲ್ಲರ್ ಸವೆದರೆ ನೀರು ದಿನದಿಂದ ದಿನಕ್ಕೆ ಕಡಿಮೆ ಆಗುತ್ತಾ ಬರಬೇಕು. ಹಿಂದಿನ ವಾರ ನಮ್ಮ ಬಕೆಟ್ ಲೆಕ್ಕ 31 ಸೆಕೆಂಡ್ ಇತ್ತು. ಒಂದೇ ದಿನದಲ್ಲಿ ಪೂರ್ತಿ ನಿಂತದ್ದು ಸವೆತದ ಹಾಗಿರಲಿಲ್ಲ. ಸದ್ದನ್ನು ರೆಕಾರ್ಡಿಂಗ್ ಜೊತೆ ಇಟ್ಟು ಕೇಳಿದೆ. ಹೊಸದರಲ್ಲಿ ತೆಳ್ಳನೆಯ ಸದ್ದಿನ ಒಳಗೆ ಸಣ್ಣಗೆ ಚಿಟಪಟ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಗಾಳಿ ಒಳಗೆ ಹೋಗುತ್ತಿದೆ ಅಂತ ಅನಿಸಿತು.

ಪೈಪಿನೊಳಗಿನ ನೀರು ಹೊರಗೆ ಬಾರದ ಸಂದಿನಲ್ಲೂ ಹೊರಗಿನ ಗಾಳಿ ಒಳಗೆ ಹೋಗಬಹುದು. ಅದಕ್ಕೆ ಒದ್ದೆ ಬಟ್ಟೆ ಪರೀಕ್ಷೆ. ಪ್ಲಗ್ ಕಿತ್ತು, ಒಂದು ಜಾಯಿಂಟಿಗೆ ನೀರು ತೊಟ್ಟಿಕ್ಕುವಷ್ಟು ಒದ್ದೆಯಾದ ಹಳೆಯ ಹತ್ತಿ ಬಟ್ಟೆಯನ್ನು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿದೆ. ಕೈ ಒರೆಸಿಕೊಂಡೆ. ದೂರ ಹೋಗಿ ಪ್ಲಗ್ ಹಾಕಿ, ಸ್ವಿಚ್ ಹಾಕಿ ಇಪ್ಪತ್ತು ಎಣಿಸಿದೆ. ಬದಲಾಗಲಿಲ್ಲ. ಮತ್ತೆ ಪ್ಲಗ್ ಕಿತ್ತು ಮುಂದಿನ ಜಾಯಿಂಟ್. ಕೈ ಒದ್ದೆ ಇರುವಾಗ ಮೋಟಾರ್ ಓಡುತ್ತಿರಬಾರದು, ಅದಕ್ಕೇ ಇಷ್ಟು ಓಡಾಟ. ಬಾಗು, ಕಪ್ಲಿಂಗ್ ಎರಡೂ ಮುಗಿದವು. ಮೂರನೆಯದು ಪಂಪಿನ ಬಾಯಿಯ ಹತ್ತಿರದ ಯೂನಿಯನ್. ಬಟ್ಟೆ ಸುತ್ತಿ ಬಂದು ಸ್ವಿಚ್ ಹಾಕಿದೆ. ಎಂಟು ಎಣಿಸುವಷ್ಟರಲ್ಲಿ ಚಿಟಪಟ ನಿಂತಿತು. ಸದ್ದು ಒಂದು ಸಲ ಗೊರ್ ಅಂತ ತಡವರಿಸಿ ಕೆಳಕ್ಕಿಳಿಯಿತು, ಭಾರವಾಯಿತು. ಮೇಲಿನಿಂದ ಟ್ಯಾಂಕಿನಲ್ಲಿ ನೀರು ಬೀಳುವ ಸದ್ದು ಬಂತು. ಮಗಳು ಮಹಡಿಯಿಂದ "ಅಮ್ಮಾ, ಬಂತು!" ಅಂತ ಕೂಗಿದಳು.

ಯೂನಿಯನ್ ಬಿಚ್ಚಿ ಒಳಗಿನ ರಬ್ಬರ್ ಉಂಗುರ, ಓ ರಿಂಗ್, ತೆಗೆದೆ. ಹೊಸದು ಬೆರಳಿನಲ್ಲಿ ಹಿಂಡಿದರೆ ಒಳಕ್ಕೆ ಹೋಗಿ ಮತ್ತೆ ಉಬ್ಬುತ್ತದೆ. ಇದು ಒಣಗಿದ ಬಳೆಯ ಹಾಗೆ ಗಡುಸಾಗಿತ್ತು, ಒಂದು ಕಡೆ ಉಗುರಿಗೆ ಸಿಗುವ ಬಿರುಕು. ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ ಅದರ ಮೇಲಿಟ್ಟು ಅಳತೆ ನೋಡಿ ಹೊಸದು ತಂದೆ. ಕೆಲವೇ ರೂಪಾಯಿ. ಆ ಪಂಪು ಇವತ್ತಿಗೂ ನಡೆಯುತ್ತಿದೆ.

ಜಾಯಿಂಟ್ ಥ್ರೆಡ್ಡಿನದಾದರೆ ಟೆಫ್ಲಾನ್ ಟೇಪ್ ಸುತ್ತಬೇಕು. ಥ್ರೆಡ್ಡಿನ ತುದಿ ನಿಮ್ಮ ಕಡೆ ಇರಲಿ, ಗಡಿಯಾರದ ಮುಳ್ಳು ಹೋಗುವ ಕಡೆಗೆ ಸುತ್ತಿ. ಆಮೇಲೆ ಹೆಬ್ಬೆರಳನ್ನು ಅದೇ ದಿಕ್ಕಿಗೆ ಸವರಿ. ಟೇಪಿನ ತುದಿ ಮಲಗಿದರೆ ಸರಿ, ಎದ್ದರೆ ಉಲ್ಟಾ ಸುತ್ತಿದ್ದೀರಿ, ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ.

ಬರುತ್ತದೆ, ಕಡಿಮೆ ಬರುತ್ತದೆ

ಡೆಲಿವರಿಯ ಬಾಲ್ ವಾಲ್ವ್ ಮೊದಲು ಮುಟ್ಟಿ. ಹಿಡಿ ಪೈಪಿನ ಜೊತೆಗೇ ಮಲಗಿದ್ದರೆ ಪೂರ್ತಿ ತೆರೆದಿದೆ, ಅಡ್ಡ ನಿಂತಿದ್ದರೆ ಮುಚ್ಚಿದೆ, ಓರೆ ಇದ್ದರೆ ಯಾರೋ ಅರ್ಧ ತಿರುಗಿಸಿದ್ದಾರೆ. ಕೈಗೆ ಇಷ್ಟು ಸ್ಪಷ್ಟವಾಗಿ ಹೇಳುವ ವಾಲ್ವ್ ಬೇರೆ ಇಲ್ಲ. ಹೊಸದಾಗಿ ಹಾಕಿಸುವವರು ಚಕ್ರದ ಗೇಟ್ ವಾಲ್ವ್ ಬಿಟ್ಟು ಇದನ್ನೇ ಹಾಕಿಸಿ. ಆಮೇಲೆ ಫುಟ್‌ವಾಲ್ವಿನ ಜಾಲರಿ. ಎತ್ತಿ ಮುಟ್ಟಿದರೆ ಪಾಚಿ ಲೋಳೆಯಾಗಿ ಸಿಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಎರಡೂ ಸರಿ ಇದ್ದು ಬಕೆಟ್ ಲೆಕ್ಕ ತಿಂಗಳಿಂದ ತಿಂಗಳಿಗೆ 30, 36, 45 ಅಂತ ಏರುತ್ತಿದ್ದರೆ ಆಗ ಇಂಪೆಲ್ಲರ್ ಸವೆದಿದೆ ಅನ್ನಬಹುದು.

ಒಳಗೆ ಕಲ್ಲು ಉರುಳಿದಂಥ ಕಟಕಟ ಸದ್ದಾದರೆ ಅದೂ ಬಹಳ ಸಲ ಜಾಲರಿ ಕಟ್ಟಿದ್ದರಿಂದಲೇ. ಜಾಲರಿ ತೊಳೆದ ಮೇಲೂ ಹೋಗದಿದ್ದರೆ ಪ್ಲಗ್ ಕಿತ್ತು ಫ್ಯಾನ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಶಾಫ್ಟ್ ಕುಲುಕಿದರೆ ಬೇರಿಂಗ್. ಅದು ವರ್ಕ್‌ಶಾಪಿನ ಕೆಲಸ.

ಏರುತ್ತದೆ, ನಿಲ್ಲುವುದಿಲ್ಲ

ಸಂಜೆ ತುಂಬಿದ ಟ್ಯಾಂಕ್ ಬೆಳಿಗ್ಗೆಗೆ ಖಾಲಿ. ಟ್ಯಾಂಕಿನ ನೀರಿನ ಮಟ್ಟ ತಿಳಿಯಲು ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಗೆ ತಟ್ಟುತ್ತಾ ಬನ್ನಿ. ಖಾಲಿ ಇರುವಲ್ಲಿ ಡಬ್ಬದ ಸದ್ದು, ನೀರಿರುವಲ್ಲಿ ಸದ್ದು ಸತ್ತುಹೋಗುತ್ತದೆ. ಬಿಸಿಲಿನ ಹೊತ್ತಾದರೆ ಅಂಗೈ ಸವರಿದರೂ ಸಾಕು. ಕಪ್ಪು ಟ್ಯಾಂಕಿನ ಮೇಲುಭಾಗ ಬಿಸಿ, ನೀರಿನ ಗೆರೆಯಿಂದ ಕೆಳಗೆ ತಂಪು. ರಾತ್ರಿ ಮಲಗುವ ಮುನ್ನ ಆ ಗೆರೆಗೆ ಒಂದು ಟೇಪ್ ಅಂಟಿಸಿ, ಟ್ಯಾಂಕಿನ ಕೆಳಗಿನ ವಾಲ್ವ್ ಮುಚ್ಚಿ. ಬೆಳಿಗ್ಗೆಗೆ ಮಟ್ಟ ಹಾಗೇ ಇದ್ದರೆ ಸೋರುವುದು ಮನೆಯ ಪೈಪಿನಲ್ಲಿ, ಬಹುಪಾಲು ಫ್ಲಶ್ ಟ್ಯಾಂಕಿನಲ್ಲಿ. ರಾತ್ರಿ ಎಲ್ಲ ಮಲಗಿದ ಮೇಲೆ ಕಮೋಡಿನ ಹತ್ತಿರ ಕಿವಿ ಇಟ್ಟರೆ ಸಣ್ಣ ಧಾರೆಯ ಸದ್ದು ಕೇಳುತ್ತದೆ.

ಹಿತ್ತಲಿನ ಗಿಡಗಳಿಗೆ ಹೋಗುವ ಹನಿ ಪೈಪು

ಮೋಟಾರ್ ಸರಿಯಾದ ಮೇಲೂ ಕರಿಬೇವಿನ ಗಿಡ ಒಣಗುತ್ತಿದ್ದರೆ ಇಲ್ಲಿ ಹುಡುಕಿ. ನಮ್ಮ ಹನಿಗೊಳವೆ ಗಂಟೆಗೆ ನಾಲ್ಕು ಲೀಟರಿನವು. ಕೆಳಗೆ ಒಂದು ಲೀಟರ್ ಡಬ್ಬಿ ಇಟ್ಟರೆ 15 ನಿಮಿಷಕ್ಕೆ ತುಂಬಬೇಕು. ಅರ್ಧವೂ ಆಗದಿದ್ದರೆ ಸುಣ್ಣ ಕಟ್ಟಿದೆ. ಕಿತ್ತು ಒಂದು ರಾತ್ರಿ ವಿನಿಗರಿನಲ್ಲಿ ನೆನೆಸಿ, ಬಾಯಿಂದ ಊದದೆ ನಲ್ಲಿಗೆ ಹಿಡಿದು ತೊಳೆಯಿರಿ. ಎಲ್ಲ ಗಿಡಕ್ಕೂ ಕಡಿಮೆ ಬರುತ್ತಿದ್ದರೆ ಗೊಳವೆ ಅಲ್ಲ, ಪೈಪು ಎಲ್ಲೋ ಸೀಳಿದೆ. ನೀರು ಬಿಟ್ಟು ಹತ್ತು ನಿಮಿಷದ ಮೇಲೆ ಪೈಪಿನ ಗುಂಟ ಬರಿಗಾಲಲ್ಲಿ ನಡೆದರೆ ಅಂಗಾಲಿಗೆ ಕೆಸರು ಸಿಗುತ್ತದೆ. ಮುಸ್ಸಂಜೆಯ ಮೇಲೆ ಹೀಗೆ ನಡೆಯಬೇಡಿ, ತಂಪಿಗೆ ಹಾವು ಬರುತ್ತವೆ. ಬೆಳಿಗ್ಗೆಯೂ ಮೊದಲು ಕೋಲು ಬಡಿದು ಆಮೇಲೆ ಕಾಲಿಡಿ.

ಯಾವಾಗ ಕರೆಯಬೇಕು, ಕರೆದಾಗ ಏನು ಹೇಳಬೇಕು

ಮೋಟಾರಿನ ಮೈ ಮುಟ್ಟಿದಾಗ ಜುಮ್ ಅಂದರೆ, ಸುಟ್ಟ ವಾಸನೆ ಬಂದರೆ, ಎಂಸಿಬಿ ಎರಡನೇ ಸಲ ಬಿದ್ದರೆ, ಪಂಪು ಮತ್ತು ಮೋಟಾರ್ ಸೇರುವ ಕಡೆ ನೀರು ಜಿನುಗುತ್ತಿದ್ದರೆ ಪ್ಲಗ್ ಕಿತ್ತು ಸುಮ್ಮನಿರಿ. ಕೊನೆಯದು ಸೀಲ್ ಹೋದ ಗುರುತು, ನೀರು ಸುರುಳಿಗೆ ಸೇರಬಹುದು.

ಮೆಕ್ಯಾನಿಕ್‌ಗೆ ಫೋನ್ ಮಾಡಿದಾಗ "ಮೋಟಾರ್ ಕೆಟ್ಟಿದೆ" ಅನ್ನಬೇಡಿ. "ಅರ್ಧ ಎಚ್‌ಪಿ, ಸೆಲ್ಫ್ ಪ್ರೈಮಿಂಗ್. ಗುಂಯ್ ಅನ್ನುತ್ತೆ, ತಿರುಗಲ್ಲ. ಫ್ಯಾನ್ ಕೈಯಲ್ಲಿ ಸಲೀಸಾಗಿ ತಿರುಗುತ್ತೆ. ಕೆಪಾಸಿಟರ್ ಹತ್ತು ಮೈಕ್ರೋಫ್ಯಾರಡ್" ಅನ್ನಿ, ನಿಮ್ಮ ಪಟ್ಟಿಯಲ್ಲಿ ಎಷ್ಟಿದೆಯೋ ಅಷ್ಟು. ಅವನು ಬಂದಾಗ ಪಕ್ಕದಲ್ಲೇ ಕೂತುಕೊಳ್ಳಿ. ಬಿಚ್ಚಿದ ಪ್ರತಿ ಭಾಗವನ್ನೂ ಕೈಗೆ ಕೊಡಲು ಕೇಳಿ. ವೈರ್ ಬಿಚ್ಚುವ ಮೊದಲು ಫೇಸಿಗೆ ಒಂದು ಸುತ್ತು, ನ್ಯೂಟ್ರಲ್‌ಗೆ ಎರಡು ಸುತ್ತು ಟೇಪ್ ಹಾಕಿಸಿ. ಬಣ್ಣ ನಮಗೆ ಗೊತ್ತಾಗುವುದಿಲ್ಲ, ಸುತ್ತು ಗೊತ್ತಾಗುತ್ತದೆ. ಹಳೆಯ ಭಾಗಗಳನ್ನು ಬಿಟ್ಟು ಹೋಗಲು ಹೇಳಿ.

ಅವನು ಹೋದ ಮೇಲೆ ಸಂಪಿನ ಮುಚ್ಚಳದ ನಾಲ್ಕೂ ಮೂಲೆ ಕಾಲಿನಿಂದಲ್ಲ, ಕೈಯಿಂದ ಒತ್ತಿ ನೋಡಿ. ಇಡ್ಲಿ ತಟ್ಟೆಯಲ್ಲಿ ಸ್ಕ್ರೂ ಉಳಿದಿಲ್ಲ ಅಂತ ಎಣಿಸಿ. ಬಕೆಟ್ ಹಿಡಿದು ಸೆಕೆಂಡ್ ಎಣಿಸಿ ಗೂಡಿನ ಬ್ರೈಲ್ ಹಾಳೆಗೆ ಸೇರಿಸಿ. ಆಮೇಲೆ ಹೊಸ್ತಿಲ ಮೇಲೆ ನಿಂತು ತಾರೀಖು ಹೇಳಿ ಒಂದು ನಿಮಿಷ ರೆಕಾರ್ಡ್ ಮಾಡಿ.